ಗೋಡೆಗೆ ಮುಖ ಮಾಡಿದ ಊರುಗಳು

ನಮ್ಮ ಮನೆಯಲ್ಲಿ ನನ್ನ ಬಲಗಾಲು ಎಲ್ಲರ ಉಪಯೋಗಕ್ಕೂ ಬರುತ್ತದೆ, ನನ್ನೊಬ್ಬಳನ್ನು ಬಿಟ್ಟು. ಯಾರದೋ ಮದುವೆಗೆ ಹೋಗಲು ಅಣ್ಣನಿಗೆ ಮನಸ್ಸಿಲ್ಲದಿದ್ದರೆ “ತಂಗಿಗೆ ಅಷ್ಟು ದೂರ ಕೂತು ಬರೋದು ಕಷ್ಟ” ಅನ್ನುತ್ತಾನೆ. ನೆಂಟರು ನಾಲ್ಕು ದಿನ ಇದ್ದು ಹೋಗುತ್ತೇವೆಂದು ಬಾಯಿ ತೆರೆದರೆ ಅತ್ತಿಗೆ “ಇವಳಿಗೆ ನೆಲದ ಮೇಲೆ ಮಲಗೋಕಾಗಲ್ಲ, ಇರೋ ಮಂಚ ಎರಡೇ” ಅನ್ನುತ್ತಾರೆ. ಅಣ್ಣನ ಮಗಳು ಗುಬ್ಬಿ ಆಫೀಸಿಗೆ ತಡವಾಗಿ ಹೋದಾಗೆಲ್ಲ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರುತ್ತಾಳೆ. ಅವಳ ಲೆಕ್ಕದಲ್ಲಿ ನಾನು ತೋರಿಸಿಕೊಳ್ಳದ ಡಾಕ್ಟರು ಈ ಊರಿನಲ್ಲಿ ಯಾರೂ ಉಳಿದಿಲ್ಲ.

ಕಾಲಿನ ಕಥೆ ದೊಡ್ಡದೇನಲ್ಲ. ಚಿಕ್ಕವಳಿದ್ದಾಗ ಜ್ವರ ಬಂತು, ಜ್ವರ ಹೋಗುವಾಗ ಕಾಲಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಎಡಗಾಲಿಗಿಂತ ಗಿಡ್ಡ, ಎಡಗಾಲಿಗಿಂತ ಸಣ್ಣ. ಕಬ್ಬಿಣದ ಪಟ್ಟಿ ಇರುವ ಬೂಟು ಹಾಕಿಕೊಂಡು, ಕೋಲು ಹಿಡಿದು ನಡೆಯುತ್ತೇನೆ. ‘ಅಯ್ಯೋ ಪಾಪ’ ಅನ್ನಬೇಕೆನ್ನಿಸಿದವರು ಅಂದುಕೊಂಡು ಇಲ್ಲಿಂದಲೇ ಎದ್ದು ಹೋಗಬಹುದು. ಐವತ್ತು ದಾಟಿದ ಮೇಲೆ ಆ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗಿಲ್ಲ.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಅಣ್ಣ ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸುತ್ತಾನೆ. ನಾನು ಗಾಜು ಕತ್ತರಿಸುತ್ತೇನೆ, ಫೋಟೋದ ಸುತ್ತ ಕೂರುವ ದಪ್ಪ ರಟ್ಟನ್ನೂ ಕತ್ತರಿಸುತ್ತೇನೆ. ಅತ್ತಿಗೆ ಗಿರಾಕಿಗಳ ಜೊತೆ ಮಾತಾಡುತ್ತಾರೆ, ಅದೂ ಕತ್ತರಿಸುವ ಕೆಲಸವೇ. ರಜೆ ಮುಗಿಯುತ್ತಿದ್ದ ಹಾಗೆ ಜನ ಸಮುದ್ರದ ಫೋಟೋ ಹಿಡಿದು ಸಾಲಾಗಿ ಬರುತ್ತಾರೆ. ಸಮುದ್ರದ ಮುಂದೆ ಗಂಡ, ಸಮುದ್ರದ ಮುಂದೆ ಮಕ್ಕಳು, ಸಮುದ್ರದ ಮುಂದೆ ಯಾರದೋ ಹೊಸ ಕಾರು. ಹಾಗೆ ನೂರಾರು ಸಮುದ್ರಕ್ಕೆ ಕಟ್ಟು ಹಾಕಿದ ನಾವು ಒಂದು ಸಲವೂ ಸಮುದ್ರ ನೋಡಿರಲಿಲ್ಲ.

ಹೋದ ವರ್ಷ ಕಟ್ಟಡದ ಯಜಮಾನರು ಅಂಗಡಿಯ ನೆಲವನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸುತ್ತೇನೆ, ಒಂದು ವಾರ ಬಾಗಿಲು ಹಾಕಿ ಎಂದರು. ಆ ದಿನವೇ ಗುಬ್ಬಿ ಊಟದ ಮಧ್ಯೆ ತಟ್ಟೆ ಬಡಿದಳು. ಹೆಸರು ಗುಬ್ಬಿ ಆದರೂ ಬಾಗಿಲಿನಗಲ ಇದ್ದಾಳೆ, ಅವಳು ಬಡಿದರೆ ಲೋಟಗಳು ಕುಣಿಯುತ್ತವೆ.

“ಅಪ್ಪಾ, ಈ ಸಲ ಸಮುದ್ರ. ಸಬೂಬು ಹೇಳಿದ್ರೆ ನಾನು ಕೇಳಲ್ಲ.”

ಅಣ್ಣ ನೀರು ಕುಡಿದ. ಮತ್ತೆ ಕುಡಿದ. “ನೋಡೋಣ,” ಎಂದ. ಅಣ್ಣ ನೋಡೋಣ ಅಂದರೆ ಆ ವಿಷಯ ಮಣ್ಣು ಸೇರಿತೆಂದೇ ಅರ್ಥ. ಆದರೆ ಅಂಗಡಿ ಮುಚ್ಚುವ ದಿನ ಹತ್ತಿರ ಬರುತ್ತಿದ್ದಾಗ ಅವನೇ ಬಾಯಿ ಬಿಟ್ಟು “ಆಗಲಿ, ಹೋಗೋಣ. ಯಾವ ಊರು ಅಂತ ಗೋಡೆ ಹೇಳಲಿ” ಎಂದಾಗ ನಾವು ಮೂವರೂ ಕಣ್ಣು ಕಣ್ಣು ಬಿಟ್ಟೆವು.

ಗೋಡೆ ಹೇಳುವುದೆಂದರೆ ನಮ್ಮ ಅಪ್ಪ ಹಾಕಿಕೊಟ್ಟ ಪದ್ಧತಿ. ಯಾವ ಕಟ್ಟು ಹಾಕಿಸಬೇಕೆಂದು ತೋಚದ ಗಿರಾಕಿಗೆ ಅಪ್ಪ ನಾಲ್ಕೈದು ಖಾಲಿ ಕಟ್ಟು ಕೊಟ್ಟು ಕಳಿಸುತ್ತಿದ್ದರು. ಮನೆಯಲ್ಲಿ ನೇತುಹಾಕಿ, ದಿನಾ ನೋಡಿ, ಬೇಡ ಅನ್ನಿಸಿದ್ದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ, ಕೊನೆಗೆ ಯಾವುದು ಉಳಿಯುತ್ತೋ ಅದು ನಿಮ್ಮದು ಎನ್ನುತ್ತಿದ್ದರು. ಆಮೇಲೆ ಮನೆಯ ಎಲ್ಲ ತೀರ್ಮಾನಕ್ಕೂ ಅದೇ ಬಂತು. ಮನೆಯವರು ಯಾರು ಬೇಕಾದರೂ ತಿರುಗಿಸಬಹುದು. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಒಮ್ಮೆ ತಿರುಗಿಸಿದ್ದನ್ನು ಯಾರೂ ವಾಪಸ್ ತಿರುಗಿಸುವ ಹಾಗಿಲ್ಲ. ಬಾಗಿಲಿನ ಬಣ್ಣ ಹಾಗೇ ಆಯ್ಕೆಯಾಯಿತು, ಗುಬ್ಬಿಯ ಕಾಲೇಜು ಹಾಗೇ ಆಯ್ಕೆಯಾಯಿತು. ಅಷ್ಟೇಕೆ, ಅತ್ತಿಗೆಯೂ ಹಾಗೇ ಆಯ್ಕೆಯಾದವರು. ಅಪ್ಪ ಮೂರು ಹುಡುಗಿಯರ ಫೋಟೋ ತಂದು ಊಟದ ಮನೆಯಲ್ಲಿ ನೇತುಹಾಕಿದ್ದರು. ಇಂದಿಗೂ ಸಿಟ್ಟು ಬಂದರೆ ಅತ್ತಿಗೆ “ನಾನೇನು ಆರಿಸಿ ತಂದವಳಲ್ಲ, ತಿರುಗಿಸೋದು ಮರೆತಿದ್ದಕ್ಕೆ ಉಳಿದವಳು” ಅನ್ನುತ್ತಾರೆ.

ನಾಲ್ಕು ಸಮುದ್ರಗಳನ್ನು ಊಟದ ಮನೆಯ ಗೋಡೆಗೆ ಹಾಕಿದೆವು. ನಾಲ್ಕೂ ಗಿರಾಕಿಗಳು ಕಟ್ಟು ಹಾಕಿಸಿ ವಾಪಸ್ ಬಂದು ತೆಗೆದುಕೊಂಡು ಹೋಗದ ಫೋಟೋಗಳು. ಯಾವುದು ಯಾವ ಊರೆಂದು ಗಿರಾಕಿಗಳು ಹೇಳಿದ್ದರು, ಆದರೆ ನಾವು ಕರೆದದ್ದು ಫೋಟೋದಲ್ಲಿ ಕಂಡದ್ದರ ಹೆಸರಿನಿಂದ. ದೋಣಿಯ ಊರು ಗುಬ್ಬಿಗೆ ಇಷ್ಟ. ದೀಪದ ಕಂಬದ ಊರು ಅತ್ತಿಗೆಗೆ, ಅದರ ಬುಡದಲ್ಲಿ ಅಂಗಡಿಸಾಲು ಇದೆಯೆಂದು. ಕಟ್ಟೆಯ ಊರು ಅಣ್ಣನಿಗೆ, ಅಲ್ಲಿ ನೀರಿನ ಪಕ್ಕದಲ್ಲೇ ಅಗಲವಾದ ಸಮತಟ್ಟು ಕಟ್ಟೆ, ಸಾಲಾಗಿ ಬೆಂಚುಗಳು. ನನಗೆ ಮೆಟ್ಟಿಲಿನ ಊರು.

ಮೆಟ್ಟಿಲಿನ ಊರಿನಲ್ಲಿ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳಿವೆ. ಮೇಲಿನ ರಸ್ತೆಯಿಂದ ಇಳಿದು ಇಳಿದು ಸೀದಾ ನೀರಿನೊಳಗೇ ಹೋಗಿಬಿಡುತ್ತವೆ. ಫೋಟೋದಲ್ಲಿ ಕೊನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಟ್ಟೆ ಎತ್ತಿ ಹಿಡಿದು ನಿಂತಿದ್ದಾಳೆ. ಅಲೆ ಬಂದು ಮೊಣಕಾಲಿಗೆ ಹೊಡೆದಿದೆ. ಅವಳು ಬಾಯಿ ತುಂಬ ನಗುತ್ತಿದ್ದಾಳೆ. ಆ ಫೋಟೋಗೆ ಗಾಜು ಕತ್ತರಿಸಿದ ದಿನದಿಂದ ನನಗೊಂದು ಆಸೆ. ಆ ಅಲೆ ನನಗೂ ಹೊಡೆಯಬೇಕು, ನಾನೂ ಬೀಳಬೇಕು ಇಲ್ಲ ನಿಲ್ಲಬೇಕು. ಏನಾದರೊಂದು ಆಗಲಿ, ನನಗೆ ಆಗಲಿ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳಿದ್ದರೆ ಮೂವರೂ ಸೇರಿ ನನ್ನ ಕಾಲಿನ ಬಗ್ಗೆ ಮಾತಾಡುತ್ತಿದ್ದರು.

ಸೋಮವಾರ ನೇತುಹಾಕಿದೆವು. ಮಂಗಳವಾರ ಬೆಳಿಗ್ಗೆ ಕಾಫಿಗೆ ಬಂದರೆ ಮೆಟ್ಟಿಲಿನ ಊರು ಗೋಡೆಗೆ ಮುಖ ಮಾಡಿತ್ತು. ಎಲ್ಲಕ್ಕಿಂತ ಮೊದಲು ಅದೇ. ಹಿಂದಿನ ಹಲಗೆ, ಮೊಳೆ, ನಾನೇ ಅಂಟಿಸಿದ ಕಂದು ಕಾಗದ ಕಾಣುತ್ತಿತ್ತು. ಯಾಕೆ ಎಂದು ಕೇಳುವ ಹಾಗಿಲ್ಲವಲ್ಲ, ಹಲ್ಲು ಕಚ್ಚಿ ಕೂತೆ. ಕಾಫಿ ತಣ್ಣಗಾಯಿತು.

ಅತ್ತಿಗೆಗೆ ತಡೆಯಲಾಗಲಿಲ್ಲ. “ಮುಖ ಯಾಕೆ ಹಾಗೆ ಮಾಡ್ತೀಯಾ? ನಾನೇ ತಿರುಗಿಸಿದ್ದು. ನಿನಗೋಸ್ಕರಾನೇ. ಆ ಮೆಟ್ಟಿಲು ನೋಡಿದ್ರೆ ನನಗೇ ತಲೆ ಸುತ್ತುತ್ತೆ, ನೀನು ಹೇಗೆ ಇಳೀತೀಯ?”

ನನಗೋಸ್ಕರ! ಮೈಯೆಲ್ಲ ಉರಿದುಹೋಯಿತು. ಎದ್ದೆ. ಕೋಲು ಕುರ್ಚಿಗೆ ಒರಗಿಸಿಟ್ಟು, ಗೋಡೆ ಹಿಡಿದುಕೊಂಡೇ ಹೋಗಿ ದೀಪದ ಕಂಬದ ಊರನ್ನು ತಿರುಗಿಸಿದೆ. ದೋಣಿಯ ಊರನ್ನು ತಿರುಗಿಸಿದೆ. ಕಟ್ಟೆಯ ಊರನ್ನೂ ತಿರುಗಿಸಿದೆ. ವಾಪಸ್ ಬಂದು ಕೂತು ತಣ್ಣಗಿನ ಕಾಫಿಯನ್ನೇ ಕುಡಿದೆ.

ಗುಬ್ಬಿ ಕಿಸಕ್ಕೆಂದಳು.

“ಏಯ್, ಹೀಗೆಲ್ಲ ಮಾಡೋ ಹಾಗಿಲ್ಲ,” ಎಂದ ಅಣ್ಣ.

“ಯಾರು ಬೇಕಾದ್ರೂ ತಿರುಗಿಸಬಹುದು. ಯಾಕೆ ಅಂತ ಕೇಳೋ ಹಾಗಿಲ್ಲ.”

“ಎಲ್ಲಾನೂ ತಿರುಗಿಸಿದ್ರೆ ಹೋಗೋದೆಲ್ಲಿಗೆ?”

“ಅದನ್ನ ಅಪ್ಪ ಹೇಳಿಕೊಟ್ಟಿಲ್ಲ.”

“ಇದು ಹಠ ಕಣೇ.”

“ಹೌದು. ಹಠಾನೇ.”

ಆ ದಿನ ರಾತ್ರಿ ನಾವು ನಾಲ್ವರು ನಾಲ್ಕು ಹಲಗೆಗಳ ಬೆನ್ನು ನೋಡಿಕೊಂಡು ಊಟ ಮಾಡಿದೆವು. ಅತ್ತಿಗೆ ನನಗೆ ಬಡಿಸುವಾಗ ಸೌಟನ್ನು ತಟ್ಟೆಗೆ ಕುಟ್ಟಿದರು. ನಾನೂ ತಟ್ಟೆಯನ್ನು ಸದ್ದು ಮಾಡಿಯೇ ಎಳೆದುಕೊಂಡೆ. ಒಳಗೊಳಗೆ ಮಾತ್ರ ಅಳು ಬರುತ್ತಿತ್ತು. ಹಠ ಮಾಡಿ ನಾನೇ ನನ್ನ ಬಾಗಿಲು ಮುಚ್ಚಿಕೊಂಡೆನಲ್ಲ, ಈಗ ಯಾವ ಸಮುದ್ರವೂ ಇಲ್ಲವಲ್ಲ ಅನ್ನಿಸಿ ಸಂಕಟವಾಗುತ್ತಿತ್ತು.

ಬುಧವಾರ ಅಣ್ಣ ಮರದ ಪಟ್ಟಿ ತರಲು ಹೋಗಿದ್ದ. ಗುಬ್ಬಿ ತಲೆನೋವೆಂದು ರಜೆ ಹಾಕಿ ಮನೆಯಲ್ಲಿದ್ದಳು, ಆ ಸಲ ತಲೆ ಅವಳದ್ದೇ ಆಗಿತ್ತು. ನಾನು ಗಾಜು ಕತ್ತರಿಸುತ್ತಿದ್ದೆ. ಅಂಗಡಿಯ ಫೋನು ಹೊಡೆದುಕೊಂಡಿತು, ಎತ್ತಿದೆ.

“ಸಮುದ್ರದ ಪಕ್ಕದ ವಸತಿಗೃಹದಿಂದ ಮಾತಾಡ್ತಿರೋದು,” ಎಂದಿತು ಒಂದು ಗಂಡಸಿನ ದನಿ, ಬಹಳ ಮರ್ಯಾದೆಯ ದನಿ. “ನಿಮ್ಮ ಯಜಮಾನ್ರು ಹೋದ ತಿಂಗಳೇ ಎರಡು ರೂಮು ಹಿಡಿದಿಟ್ಟಿದ್ರಲ್ಲ, ಕೆಳಗಿಂದೇ ಬೇಕು ಅಂತ. ಎರಡೂ ಕೆಳಗಿಂದೇ ಸಿಕ್ಕಿದೆ ಅಂತ ಹೇಳಿಬಿಡಿ.”

ಹೋದ ತಿಂಗಳು! ಗೋಡೆಗೆ ಫೋಟೋ ಹಾಕಿದ್ದು ಈ ಸೋಮವಾರ. “ಯಾವ ಸಮುದ್ರದ ಪಕ್ಕ?” ಎಂದೆ.

“ನಮ್ಮ ಕಟ್ಟೆ ನೋಡಿಲ್ವಾ ನೀವು? ಎಂಥ ಚೆನ್ನಾಗಿದೆ ಅಂತೀರಾ. ಒಂದು ಮೆಟ್ಟಿಲೂ ಇಲ್ಲ. ನಿಮ್ಮ ಜೊತೆ ಕಾಲಿಲ್ಲದ ಹೆಂಗಸೊಬ್ಬರು ಬರ್ತಾರಂತಲ್ಲ, ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಉದ್ದಕ್ಕೂ ಕಂಬಿ ಹಾಕಿಸಿದ್ದಾರೆ, ಯಾರೂ ನೀರಿಗೆ ಇಳಿಯೋ ಹಾಗೇ ಇಲ್ಲ, ಬೋರ್ಡೂ ಇದೆ. ಆರಾಮಾಗಿ ಬೆಂಚ್ ಮೇಲೆ ಕೂತು ನೋಡಬಹುದು. ಯಜಮಾನ್ರು ಅದನ್ನೇ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು.”

“ಆ ಹೆಂಗಸು ನಾನೇ,” ಎಂದೆ. “ನನಗೆ ಎರಡು ಕಾಲಿದೆ. ಒಂದು ಸ್ವಲ್ಪ ಗಿಡ್ಡ. ಎರಡು ರೂಮೂ ಬೇರೆಯವರಿಗೆ ಕೊಟ್ಟುಬಿಡಿ.”

ಫೋನು ಇಟ್ಟ ಮೇಲೆ ಆ ಮನುಷ್ಯ ಬೋರ್ಡು ಅಂದದ್ದು ತಲೆಯಲ್ಲಿ ಕೊರೆಯತೊಡಗಿತು. ಊಟದ ಮನೆಗೆ ಹೋಗಿ ಕಟ್ಟೆಯ ಊರನ್ನು ಗೋಡೆಯಿಂದ ಇಳಿಸಿ ಕಂಕುಳಲ್ಲಿ ಹಿಡಿದು ಅಂಗಡಿಗೆ ತಂದೆ. ಹಿಂದಿನ ಮೊಳೆ ಕಿತ್ತೆ, ಹಲಗೆ ತೆಗೆದೆ, ರಟ್ಟು ಎತ್ತಿದೆ. ರಟ್ಟಿನ ಕೆಳಗೆ ಫೋಟೋದ ಉಳಿದ ಭಾಗವೆಲ್ಲ ಮಾಸದೆ ಹೊಸದಾಗಿ ಕೂತಿತ್ತು. ಎದೆಯೆತ್ತರದ ಕಬ್ಬಿಣದ ಕಂಬಿ. ಕಂಬಿಗೆ ಬಿಗಿದ ಬೋರ್ಡು: ನೀರಿಗೆ ಇಳಿಯಬಾರದು. ಕಂಬಿಯ ಆಚೆ ದೂರದವರೆಗೂ ಕಪ್ಪು ಕೆಸರು. ಫೋಟೋ ತಂದ ಗಿರಾಕಿ “ಅದೆಲ್ಲ ಕಾಣಬಾರದು, ಕಟ್ಟೆ, ನೀರು ಮಾತ್ರ ಕಾಣಲಿ” ಎಂದಿದ್ದ. ರಟ್ಟು ಕತ್ತರಿಸಿ ಮುಚ್ಚಿದವಳು ನಾನೇ. ಕತ್ತರಿಸಿ ಮರೆತವಳೂ ನಾನೇ. ಬೇರೆಯವರಿಗೆ ಚಂದ ಕಾಣಲೆಂದು ಮುಚ್ಚಿದ್ದನ್ನು ನೋಡಿ ನಾವೇ ಊರು ಆರಿಸಲು ಕೂತಿದ್ದೆವು. ಇಂಥ ಬೆಪ್ಪುತನ ಕಟ್ಟಿನ ಅಂಗಡಿಯವರು ಮಾತ್ರ ಮಾಡಲು ಸಾಧ್ಯ.

ಅಣ್ಣ ಬಂದ. ಕೈಕಾಲು ತೊಳೆಯಲೂ ಬಿಡಲಿಲ್ಲ ನಾನು.

“ಕಟ್ಟೆಯ ಊರಿಂದ ಫೋನ್ ಬಂದಿತ್ತು. ಕೆಳಗಿನ ರೂಮೇ ಸಿಕ್ಕಿದೆಯಂತೆ.”

ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಒಳಗಿನಿಂದ ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದರು, ಹಿಂದೆ ಗುಬ್ಬಿ.

“ಯಾವ ರೂಮು?” ಎಂದರು ಅತ್ತಿಗೆ.

“ಹೋದ ತಿಂಗಳೇ ಹಿಡಿದಿಟ್ಟಿದ್ದಾನೆ. ಗೋಡೆ, ಫೋಟೋ, ಎಲ್ಲ ನಾಟಕ. ನಾವು ಮೂವರೂ ತಿರುಗಿಸ್ತಾ ಕೂತ್ಕೋಬೇಕು, ಅವನು ಕಟ್ಟೆ ಉಳಿಸ್ಕೊಂಡು ಕೂತಿರಬೇಕು. ಅಲ್ಲವೇನೋ?”

“ನಿನ್ನ ಒಳ್ಳೇದಕ್ಕೇ ಕಣೇ,” ಎಂದ ಅಣ್ಣ. ಅವನ ದನಿ ಸಣ್ಣಗಾಗಿತ್ತು. “ನಿನಗೆ ಕಾಲು... ಜಾರಿಗೀರಿ ಬಿದ್ರೆ ಏನು ಗತಿ? ಸಮುದ್ರ ನೋಡೋದು ತಾನೇ ನಮಗೆ ಬೇಕಾಗಿರೋದು? ಕಟ್ಟೆ ಮೇಲೆ ಕೂತು ನೋಡಿದ್ರಾಯ್ತು.”

ಬಿಚ್ಚಿದ ಫೋಟೋವನ್ನು ಅವನ ಮುಂದೆ ತಳ್ಳಿದೆ. “ನೋಡೋದಾ? ನಾನೇ ಕತ್ತರಿಸಿದ ಗಾಜಿನ ಹಿಂದೆ ಇಷ್ಟು ವರ್ಷ ನೋಡಿದ್ದೀನಲ್ಲೋ! ಒರೆಸಿ ಒರೆಸಿ ನೋಡಿದ್ದೀನಿ. ಕಂಬಿ ಹಿಂದೆ ಕೂತು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನನಗೆ ನೀರಲ್ಲಿ ನಿಲ್ಲಬೇಕು. ತಿಳೀತಾ? ನನಗೆ ನಿಲ್ಲಬೇಕು!”

ಹೇಳಿಬಿಟ್ಟೆ. ಗುಬ್ಬಿ ಬಂದು ನನ್ನ ಪಕ್ಕದಲ್ಲಿ ನಿಂತಳು.

ಅತ್ತಿಗೆ ಆ ಬೋರ್ಡನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. “ನೀರಿಗಿಳಿಯೋಕೆ ನಿನಗೆ ಇಷ್ಟಾನಾ?”

“ಇಷ್ಟಾನಾ ಅಂತ ಕೇಳ್ತೀರಲ್ಲ ಅತ್ತಿಗೆ!”

“ಮತ್ತೆ ಇವರು ಯಾವಾಗ್ಲೂ... ನಮ್ಮ ಮದುವೆ ಆದ ಹೊಸದರಲ್ಲಿ ನಾನು ಸಮುದ್ರಕ್ಕೆ ಹೋಗೋಣ ಅಂದೆ. ನನ್ನ ತಂಗಿಗೆ ನೀರು ಅಂದ್ರೆ ಆಗಲ್ಲ, ಅವಳನ್ನ ಬಿಟ್ಟು ಹೋದ್ರೆ ಕೊರಗ್ತಾಳೆ ಅಂದ್ರು. ಬೆಟ್ಟಕ್ಕೆ ಹೋಗೋಣ ಅಂದೆ, ತಂಗಿ ಕಾಲು ಅಂದ್ರು. ನನ್ನ ತಮ್ಮನ ಹೊಸ ಮನೆಗೆ ಹೋಗೋಣ ಅಂದೆ, ಮೂರನೇ ಮಹಡಿ, ತಂಗಿ ಕಾಲು ಅಂದ್ರು. ಅವನ ಮನೆ ಒಳಗಡೆ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ ಕಣೇ.” ಅತ್ತಿಗೆಯ ಕಣ್ಣಲ್ಲಿ ನೀರು ಬಂತು, ಅವರೇ ಅದನ್ನು ಸಿಟ್ಟಿನಿಂದ ಒರೆಸಿಕೊಂಡರು. “ನಿನ್ನ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ಸತ್ಯ ಹೇಳ್ತೀನಿ. ಇವಳೊಬ್ಬಳು ಇಲ್ದಿದ್ರೆ ಅಂತ ಅಂದ್ಕೊಂಡಿದ್ದೀನಿ.”

ನನಗೆ ಕುರ್ಚಿ ಬೇಕಾಯಿತು, ಕೂತೆ. “ನನಗೆ ಇವನು ಹೇಳಿದ್ದೇ ಬೇರೆ,” ಎಂದೆ. “ನಿನ್ನ ಅತ್ತಿಗೆಗೆ ಎಲ್ಲೂ ಹೋಗೋದು ಹಿಡಿಸಲ್ಲ, ಮನೆ ಬಿಟ್ಟರೆ ತಲೆ ಸುತ್ತುತ್ತೆ, ಪಾಪ ಒತ್ತಾಯ ಮಾಡಬಾರದು ಅಂತಿದ್ದ. ಎಂಥ ಸೋಮಾರಿ ಹೆಂಗಸು ಅಂತ ನಾನೂ ನಿಮ್ಮನ್ನ ಬೈಕೊಂಡಿದ್ದೀನಿ.”

“ನನಗೆ ತಲೆ ಸುತ್ತಾ?” ಎಂದರು ಅತ್ತಿಗೆ.

“ನನಗೆ ನೀರು ಆಗಲ್ವಾ?” ಎಂದೆ ನಾನು.

ಗುಬ್ಬಿ ನಮ್ಮಿಬ್ಬರನ್ನೂ ನೋಡಿ, ಅಪ್ಪನನ್ನು ನೋಡಿ, “ನನ್ನ ಕಾಲೇಜಿನ ಪ್ರವಾಸಕ್ಕೂ ಅತ್ತೆಗೆ ಹುಷಾರಿಲ್ಲ ಅಂತಾನೇ ಬಿಟ್ಟಿರಲಿಲ್ಲ,” ಎಂದಳು. ಆ ಡಾಕ್ಟರ ನೆಪವನ್ನು ಅವಳು ಎಲ್ಲಿಂದ ಕಲಿತಳೆಂದು ನನಗೆ ಆಗ ಹೊಳೆಯಿತು.

ಅಣ್ಣ ಹೊಸ ಮರದ ಪಟ್ಟಿಯೊಂದನ್ನು ಎತ್ತಿಕೊಂಡು ಗರಗಸಕ್ಕೆ ಕೈ ಹಾಕಿದ. ಅಳತೆ ಕೂಡ ಹಾಕದೆ ಕೊಯ್ಯತೊಡಗಿದ. ಅಳತೆ ಇಲ್ಲದೆ ಅವನು ಪಟ್ಟಿ ಕೊಯ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಕೇಳಿಸ್ಕೋ,” ಎಂದೆ ನಾನು ಆ ಸದ್ದಿನ ಮೇಲೆ. “ಇವತ್ತಿನಿಂದ ನನ್ನ ಕಾಲು ಯಾರಿಗೂ ಸಿಗಲ್ಲ. ನಿನಗೂ ಇಲ್ಲ, ಅತ್ತಿಗೆಗೂ ಇಲ್ಲ, ಗುಬ್ಬಿಗೂ ಇಲ್ಲ. ಬೇಡ ಅನ್ನಿಸಿದ್ರೆ ನನಗೆ ಬೇಡ ಅನ್ನಿ. ನಾನು ಮೆಟ್ಟಿಲಿನ ಊರಿಗೆ ಹೋಗ್ತಿದ್ದೀನಿ.”

“ಒಬ್ಬಳೇನಾ?” ಎಂದ ಅವನು, ತಲೆ ಎತ್ತದೆ.

“ನಾನಿದ್ದೀನಿ,” ಎಂದಳು ಗುಬ್ಬಿ.

“ನಾನೂ,” ಎಂದರು ಅತ್ತಿಗೆ. “ನೀವು ಬಂದ್ರೂ ಸರಿ, ಇಲ್ಲೇ ಕೂತು ಮರ ಕೊಯ್ದುಕೊಂಡಿದ್ರೂ ಸರಿ.” ಅವರು ಒಳಗೆ ಹೋದರು. ಊಟದ ಮನೆಯಿಂದ ಸದ್ದು ಕೇಳಿ ನಾನೂ ಹೋದೆ. ಅತ್ತಿಗೆ ಸ್ಟೂಲು ಹತ್ತಿ ನಿಂತು, ತಾವೇ ತಿರುಗಿಸಿದ್ದ ಮೆಟ್ಟಿಲಿನ ಊರನ್ನು ನಮ್ಮ ಕಡೆಗೆ ವಾಪಸ್ ತಿರುಗಿಸುತ್ತಿದ್ದರು. ಅಪ್ಪನ ಕಾಲದಿಂದ ಯಾರೂ ಮಾಡದ ಕೆಲಸ. “ನಿಮ್ಮಪ್ಪ ಬೈದ್ರೆ ನಾನು ಉತ್ತರ ಕೊಡ್ತೀನಿ,” ಎಂದರು.

ಮೆಟ್ಟಿಲಿನ ಊರಿನಲ್ಲಿ ರೂಮಿಗೆ ನಾನೇ ಫೋನು ಮಾಡಿದೆ. ಅಲ್ಲಿನ ಹೆಂಗಸು ಮಹಡಿ ಮೇಲಿನದು ಮಾತ್ರ ಇದೆ ಎಂದಳು. “ಅದೇ ಬೇಕಾಗಿತ್ತು,” ಎಂದೆ.

ಅಣ್ಣನೂ ಬಂದ. ಬಸ್ಸಿನಲ್ಲಿ ಮುಖ ಊದಿಸಿಕೊಂಡು, ಕಿಟಕಿ ಬಿಟ್ಟು ಒಳಗಡೆ ಸೀಟಿನಲ್ಲಿ, ಬ್ಯಾಗನ್ನು ತಬ್ಬಿಕೊಂಡು ಕೂತಿದ್ದ. ಯಾಕೆ ಬಂದ ಎಂದು ನಾವು ಕೇಳಲಿಲ್ಲ. ಒಬ್ಬನೇ ಮನೆಯಲ್ಲಿರುವುದಕ್ಕೂ ಅವನಿಗೆ ಆಗುವುದಿಲ್ಲ ಎಂಬುದು ನನಗೆ ಹೊತ್ತು ಕಳೆದ ಹಾಗೆ ಅರ್ಥವಾಯಿತು. ಅಂಗಡಿಯಲ್ಲಿ ಗರಗಸ ಹಿಡಿದು ನಿಂತಾಗ ಎಷ್ಟು ದೊಡ್ಡವನಾಗಿ ಕಾಣುತ್ತಿದ್ದ, ಆ ಬಸ್ಸಿನಲ್ಲಿ ನೋಡಿದರೆ ಅಳತೆ ತಪ್ಪಿದ ಕಟ್ಟಿನೊಳಗೆ ಕೂರಿಸಿದ ಹಾಗಿದ್ದ.

ಮಧ್ಯಾಹ್ನ ಇಳಿಹೊತ್ತಿಗೆ ಮೆಟ್ಟಿಲುಗಳ ತಲೆಗೆ ಬಂದು ನಿಂತೆವು. ಗಾಳಿ ಹೊಡೆಯುತ್ತಿತ್ತು. ಕೆಳಗೆ ಸಮುದ್ರ ಇತ್ತು. ಫೋಟೋದಲ್ಲಿ ಸದ್ದು ಇರುವುದಿಲ್ಲವಲ್ಲ, ಅದೊಂದು ನನಗೆ ಗೊತ್ತೇ ಇರಲಿಲ್ಲ. ಆ ಸದ್ದಿಗೆ ನನಗೂ ಭಯವಾಯಿತು, ಯಾಕೆ ಸುಳ್ಳು ಹೇಳಲಿ. ಮೆಟ್ಟಿಲುಗಳು ಫೋಟೋದಲ್ಲಿ ಕಂಡದ್ದಕ್ಕಿಂತ ಕಡಿದಾಗಿದ್ದವು, ಅಂಚು ಸವೆದಿತ್ತು, ಪಕ್ಕದಲ್ಲಿ ಹಿಡಿಯಲು ಒಂದು ಹಗ್ಗ ಮಾತ್ರ.

ಅಲ್ಲೇ ಕೊಡೆಗಳನ್ನೂ ಮಡಚುವ ಕುರ್ಚಿಗಳನ್ನೂ ಬಾಡಿಗೆಗೆ ಕೊಡುವ ಹೆಂಗಸೊಬ್ಬಳಿದ್ದಳು. ಅಣ್ಣ ಅವಳ ಹತ್ತಿರ ಒಂದು ಕುರ್ಚಿ ತೆಗೆದುಕೊಂಡು, ನೀರಿನಿಂದ ಆದಷ್ಟು ದೂರ ಹಾಕಿಕೊಂಡು ಕೂತ. “ಇಳಿಯಲ್ವಾ?” ಎಂದು ಅವಳು ಕೇಳಿದಳು.

“ತಂಗಿಗೆ ಕಾಲು ಸರಿಯಿಲ್ಲ,” ಎಂದ ಅಣ್ಣ. ಅಭ್ಯಾಸಬಲ. ಪಾಠ ಒಪ್ಪಿಸಿದ ಹಾಗೆ ಬಂತು. “ಅವಳ ಜೊತೆ ಯಾರಾದ್ರೂ ಇರಬೇಕಲ್ಲ. ಅದಕ್ಕೇ ನಾನು ಇಲ್ಲೇ.”

ನಾನು ಅಲ್ಲೇ ಮೊದಲ ಮೆಟ್ಟಿಲ ಮೇಲೆ ಕೂತು ಬೂಟಿನ ಪಟ್ಟಿ ಬಿಚ್ಚುತ್ತಿದ್ದೆ. ಬಿಚ್ಚಿ ಮುಗಿಸಿ, ಬೂಟನ್ನೂ ಕೋಲನ್ನೂ ಅವನ ತೊಡೆಯ ಮೇಲಿಟ್ಟೆ. “ಹಿಡ್ಕೋ. ಇದರ ಜೊತೆ ಇರು,” ಎಂದೆ.

ನನ್ನ ಬರಿಗಾಲನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಅಲ್ಲಿ ಎಲ್ಲರೂ ನೋಡಿದರು. ಒಬ್ಬಳು ತನ್ನ ಮಗುವಿನ ತಲೆಯನ್ನು ಆಚೆ ತಿರುಗಿಸಿದಳು. “ನೋಡ್ಲಿ ಬಿಡಮ್ಮ,” ಎಂದೆ ಅವಳಿಗೆ, “ಕಚ್ಚಲ್ಲ.” ಗುಬ್ಬಿ ನನ್ನ ಕಂಕುಳಿಗೆ ಕೈ ಕೊಡಲು ಬಂದಳು. ಬೇಡವೆಂದೆ. ಹಗ್ಗ ಹಿಡಿದೆ. ನಿಂತು ಇಳಿಯಲು ಆಗುವುದಿಲ್ಲವೆಂದು ಎರಡನೇ ಮೆಟ್ಟಿಲಿಗೇ ಗೊತ್ತಾಯಿತು. ಸರಿ, ಕೂತೇ ಇಳಿದೆ. ಒಂದು ಮೆಟ್ಟಿಲ ಮೇಲೆ ಕೂರುವುದು, ಎಡಗಾಲು ಕೆಳಗಿಡುವುದು, ಕೈಯೂರಿ ಮುಂದಿನ ಮೆಟ್ಟಿಲಿಗೆ ಜಾರುವುದು. ಬಟ್ಟೆ ಹರಿಯಿತು, ಅಂಗೈ ತರಚಿಹೋಯಿತು. ಇಳಿಯುವವರು ಹತ್ತುವವರು ದಾರಿ ಬಿಟ್ಟು ನಿಂತರು. ಕೆಲವರು ನಕ್ಕರು, ನಾನೂ ಅವರ ಮುಖ ನೋಡಿ ನಕ್ಕೆ. ಹಿಂದಿನಿಂದ ಅತ್ತಿಗೆ “ನಿಧಾನ ಕಣೇ, ನಿಧಾನ” ಅನ್ನುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅವರೂ ಕೂತುಕೊಂಡೇ ಇಳಿಯುತ್ತಿದ್ದರು.

“ನಿಮಗ್ಯಾಕೆ ಅತ್ತಿಗೆ? ನಿಮ್ಮ ಕಾಲು ಗಟ್ಟಿಯಿದೆಯಲ್ಲ?”

“ನಿಂತ್ರೆ ನಿಜವಾಗ್ಲೂ ತಲೆ ಸುತ್ತುತ್ತೆ ಕಣೇ,” ಎಂದರು. ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಯ ಮೆಟ್ಟಿಲಲ್ಲಿ ಪಾಚಿ ಇತ್ತು. ಗುಬ್ಬಿ ನೀರಿನೊಳಗೆ ನಿಂತು ಕಾಯುತ್ತಿದ್ದಳು. ಹಗ್ಗ ಹಿಡಿದು ಎದ್ದು ನಿಂತೆ. ಮೊದಲ ಅಲೆ ಬಂತು. ಅದು ಮೊಣಕಾಲಿಗೆ ಹೊಡೆಯಲಿಲ್ಲ, ಸೊಂಟಕ್ಕೆ ಹೊಡೆಯಿತು, ಹೊಡೆದು ನನ್ನನ್ನು ಸೀದಾ ಕೆಡವಿತು. ಮೂಗಿನಲ್ಲಿ ಬಾಯಲ್ಲಿ ಉಪ್ಪು ನೀರು. ಗುಬ್ಬಿ ತೋಳು ಹಿಡಿದಳು, ನಾನು ಕೊಸರಿಕೊಂಡು ಎದ್ದೆ. ಎರಡನೆಯದು ಬಂದಾಗ ಎಡಗಾಲನ್ನು ಕಲ್ಲಿನ ಸಂದಿಗೆ ಒತ್ತಿ ಹಿಡಿದು ನಿಂತೆ. ನಿಂತೇ ಇದ್ದೆ. ಬಲಗಾಲು ನೀರಿನಲ್ಲಿ ತೂಕವೇ ಇಲ್ಲದೆ ತೇಲುತ್ತಿತ್ತು, ನೀರಿಗೆ ಗಿಡ್ಡ ಉದ್ದ ಗೊತ್ತಾಗುತ್ತಿರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ನಾನು ಜೋರಾಗಿ ಕಿರುಚಿದೆ.

ಮೇಲೆ ನೋಡಿದೆ. ಅಣ್ಣ ಕುರ್ಚಿಯಿಂದ ಎದ್ದು ಮೆಟ್ಟಿಲ ತಲೆಗೆ ಬಂದು ನಿಂತಿದ್ದ, ಬೂಟನ್ನು ಎದೆಗೆ ಒತ್ತಿಕೊಂಡು. ಅವನ ಪಕ್ಕ ಕೊಡೆಯ ಹೆಂಗಸು. ಅವಳು ಕೈ ತೋರಿಸಿ ಏನೋ ಕೇಳುತ್ತಿದ್ದಳು. ಏನೆಂದು ಇಲ್ಲಿಂದಲೇ ತಿಳಿಯುತ್ತಿತ್ತು: ನಿಮ್ಮ ತಂಗಿ ಇಳಿದರಲ್ಲ, ಮತ್ತೆ ನೀವು? ಅಣ್ಣ ಒಂದು ಮೆಟ್ಟಿಲು ಇಳಿದ. ಹಗ್ಗ ಹಿಡಿದ. ಅಲ್ಲೇ ನಿಂತುಬಿಟ್ಟ.

“ಅಣ್ಣಾ!” ಎಂದು ಕೂಗಿದೆ. “ನನ್ನ ಕಾಲು ಇಲ್ಲಿದೆ! ಅಲ್ಲಿ ನಿಂತಿರೋದು ನಿನ್ನ ಕಾಲು! ಅವರು ಕೇಳಿದ್ದಕ್ಕೆ ಉತ್ತರ ಹೇಳು!”

ಮೆಟ್ಟಿಲಲ್ಲಿದ್ದವರೆಲ್ಲ ತಲೆ ಎತ್ತಿ ಅವನನ್ನು ನೋಡಿದರು.

“ನನಗೆ ಭಯ ಕಣೇ!” ಅವನ ದನಿ ಒಡೆದು ಕೆಳಗೆ ಬಂತು. “ನನಗೆ ಮೊದಲಿಂದಲೂ ಭಯ! ನೀರಂದ್ರೂ ಭಯ, ಎತ್ತರ ಅಂದ್ರೂ ಭಯ, ಗೊತ್ತಿಲ್ದೇ ಇರೋ ಜಾಗ ಅಂದ್ರೇನೇ ಭಯ!”

ನನ್ನ ಪಕ್ಕ ಅತ್ತಿಗೆ ಬಾಯಿಗೆ ಕೈ ಇಟ್ಟುಕೊಂಡರು. ಇಷ್ಟು ವರ್ಷ ಅವನ ಭಯವನ್ನು ಹೊತ್ತುಕೊಂಡು ತಿರುಗಿದವಳು ನಾನು. ಈಗ ಅದು ಅವನ ಬಾಯಿಂದ, ಅವನ ಹೆಸರಿನಲ್ಲಿ, ಅಷ್ಟು ಜನರ ಮುಂದೆ ಬಂದಿತ್ತು. ಅವನು ಹಗ್ಗ ಹಿಡಿದು ಮಗುವಿನ ಹಾಗೆ ಅಳುತ್ತಿದ್ದುದು ಕೆಳಗಿನಿಂದಲೂ ಕಾಣುತ್ತಿತ್ತು. ಮೇಲೆ ಹೋಗಿ ಪಕ್ಕದಲ್ಲಿ ಕೂತು, ಹೋಗಲಿ ಬಿಡು, ಆಯ್ತಲ್ಲ ಅಂತ ಸಮಾಧಾನ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಮುಂದಿನ ಅಲೆ ಬರುತ್ತಿತ್ತು, ನನಗೆ ಪುರಸೊತ್ತಿರಲಿಲ್ಲ.